ಡ್ರೈವರ್ ಕಡೆಯ ಬಾಗಿಲು

ಚಳಿ ಬಿಟ್ಟು ಬಿಸಿಲು ಇನ್ನೂ ಬಲಿಯದ ದಿನಗಳು. ಸಸಿ ಬೆಳೆಸಿ ಮಾರುವವರಿಗೆ ವರ್ಷದ ಕೆಲಸದಲ್ಲಿ ಅರ್ಧಕ್ಕರ್ಧ ಈ ಕೆಲವು ವಾರಗಳಲ್ಲೇ ಆಗಬೇಕು. ಇಬ್ಬನಿ ಆರುವುದರೊಳಗೆ ಮಣ್ಣು ಜರಡಿ ಹಿಡಿದು, ಮರಳು ಗೊಬ್ಬರ ಬೆರೆಸಿ, ಅಂಗೈಯಗಲದ ಕಪ್ಪು ಚೀಲಗಳಿಗೆ ತುಂಬಿ ಸಾಲಾಗಿ ನಿಲ್ಲಿಸಬೇಕು. ಆ ಮನೆಯಲ್ಲಿ ಜರಡಿ ಹಿಡಿಯುವವನು ಯಜಮಾನ. ಚೀಲ ತುಂಬುವವಳು ಅವನ ಹೆಂಡತಿ. ಯಜಮಾನನ ತಾಯಿ, ಬೆನ್ನು ಬಾಗಿ ನೆಲಕ್ಕೆ ಹತ್ತಿರವಾಗಿದ್ದ ಅಜ್ಜಿ, ಮಣೆಯ ಮೇಲೆ ಕೂತು ಚೀಲಕ್ಕೆ ಎರಡೆರಡು ಬೀಜ ಊರಿ ಹೆಬ್ಬೆರಳಿನಿಂದ ಮಣ್ಣು ಮುಚ್ಚುತ್ತಿದ್ದಳು.

"ಇಷ್ಟು ಹೊತ್ತಿಗೆ ಆ ಕಡೆ ಸಾಲು ಮುಗಿದಿರ್ತಿತ್ತು," ಎಂದಳು ಅಜ್ಜಿ. "ಅವಳಿದ್ದಿದ್ರೆ."

"ಅವಳ ಸುದ್ದಿ ಈಗ ಬೇಡಮ್ಮ," ಎಂದ ಯಜಮಾನ.

"ನಾನೆಲ್ಲಿ ಸುದ್ದಿ ಎತ್ತಿದೆ? ಚೀಲದ ಲೆಕ್ಕ ಹೇಳಿದೆ."

ಅವಳು, ಯಜಮಾನನ ಸೊಸೆ, ಪೇಟೆಯ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಡ್ಯೂಟಿಗೆ ಹೊರಡುವ ಮೊದಲು ಒಂದು ಸಾಲು ಚೀಲ ತುಂಬಿಯೇ ಕೈ ತೊಳೆಯುತ್ತಿದ್ದವಳು. ಅವಳು ಮನೆ ಬಿಟ್ಟು ಎರಡು ವಾರವಾಗಿತ್ತು. ಅವಳ ಕಡುನೀಲಿ ಕಾರು ಮಾತ್ರ ಸಸಿಗಳ ನೆರಳುಬಲೆಯ ಕೆಳಗೆ ನಿಂತಿತ್ತು. ಅವಳ ಸಂಬಳದಲ್ಲಿ, ಅವಳೇ ಕಂತು ಕಟ್ಟಿ ಕೊಂಡ ಕಾರು.

ಸಸಿ ಕೊಳ್ಳಲು ಬಂದವನೊಬ್ಬ ಆ ಕಾರನ್ನು ಬಳಸಿ ಬಂದು ನಿಂತ. "ಅಯ್ಯೋ, ಇಷ್ಟುದ್ದ ಗೀರು ಹೆಂಗಾಯ್ತು? ಒಳ್ಳೇ ಕಾರು."

"ಗೇಟು ತಾಗಿತು," ಎಂದಳು ಯಜಮಾನನ ಹೆಂಡತಿ, ಚೀಲದಿಂದ ಕಣ್ಣೆತ್ತದೆ.

ಅವನು ಹೋದ ಮೇಲೆ ಅಜ್ಜಿ ಮೆಲ್ಲಗೆ ನಕ್ಕಳು. "ಆ ಗೇಟಿಗೆ ಬಾಯಿದ್ದಿದ್ರೆ ಇಷ್ಟೊತ್ತಿಗೆ ನಮ್ಮ ಮೇಲೆ ಕೇಸು ಹಾಕಿರ್ತಿತ್ತು."

ಯಾರೂ ನಗಲಿಲ್ಲ. ಆ ಬೆಳಿಗ್ಗೆ ನಡೆದದ್ದನ್ನು ಮೂವರೂ ಕಣ್ಣಾರೆ ಕಂಡಿದ್ದರು. ಯಜಮಾನನ ಮಗ, ಅವಳ ಗಂಡ, ಪಂಪು ಮೋಟಾರು ರಿಪೇರಿ ಮಾಡುವವನು. ಅವನ ಬೈಕು ಕೆಟ್ಟು ನಿಂತಿತ್ತು. ದೂರದ ತೋಟವೊಂದರಲ್ಲಿ ಮೋಟಾರು ಸುಟ್ಟು ಜನ ಕಾಯುತ್ತಿದ್ದರು. ಕಾರು ಕೊಡು ಎಂದು ಹೆಂಡತಿಯನ್ನು ಕೇಳಿದ. ಡ್ಯೂಟಿಗೆ ಹೊತ್ತಾಯಿತು, ಹೋಗುವ ದಾರಿಯಲ್ಲಿ ಇಳಿಸಿ ಹೋಗುತ್ತೇನೆ ಎಂದಳು. ಇಳಿಸೋಕೆ ನಾನೇನು ಮೂಟೆಯಾ ಎಂದ. ಅವಳು ಕಾರಿನೊಳಗೆ ಕೂತು, ಬಾಗಿಲೆಳೆದುಕೊಂಡು ಎಂಜಿನ್ ಚಾಲೂ ಮಾಡಿದಳು. ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದನ್ನು ಅವಳು ಕೂತ ಕಡೆಯ ಬಾಗಿಲಿಗೆ ಒತ್ತಿ ಹಿಡಿದು, ಹಿಡಿಕೆಯಿಂದ ಕನ್ನಡಿಯ ತನಕ ಅವಸರವಿಲ್ಲದೆ ಎಳೆದ. ಅವಳು ಎಂಜಿನ್ ಆರಿಸಿದಳು. ಪಕ್ಕದ ಸೀಟಿನ ಕಡೆಯ ಬಾಗಿಲಿನಿಂದ ಇಳಿದು, ಕೀಲಿಯನ್ನು ಮೆಟ್ಟಿಲ ಮೇಲಿಟ್ಟು, ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ನಡೆದಳು. ಸಂಜೆ ಬರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವಳ ಬಾಡಿಗೆ ಕೋಣೆಯಲ್ಲಿ ಇದ್ದಾಳೆಂದು ಮಾರನೆಯ ದಿನ ತಿಳಿಯಿತು.

ಆ ವಾರ ಪೇಟೆಗೆ ಸಸಿ ಇಳಿಸಲು ಹೋದ ಯಜಮಾನ ಟೆಂಪೋವನ್ನು ಆಸ್ಪತ್ರೆಯ ಹಿಂದೆ ನಿಲ್ಲಿಸಿ, ಎರಡು ಕಟ್ಟು ಸೊಪ್ಪು ಮತ್ತು ಒಂದು ಡಬ್ಬಿ ಮೊಟ್ಟೆ ಹಿಡಿದು ಸೊಸೆಯನ್ನು ಹೊರಗೆ ಕರೆಸಿದ. ಅವಳು ಬಿಳಿ ಕೋಟಿನಲ್ಲೇ ಬಂದಳು.

"ಏನ್ ಮಾವ, ಸೊಪ್ಪು ಹೊತ್ಕೊಂಡು ಯಾರಾದ್ರೂ ಆಸ್ಪತ್ರೆಗೆ ಬರ್ತಾರಾ? ವಾಚ್‌ಮನ್ನು ಅಡಿಗೆಮನೆ ಆ ಕಡೆ ಅಂತ ಕಳಿಸಿರ್ಬೇಕು."

"ಕಳಿಸ್ದ. ನಿಮ್ಮತ್ತೆ ಕೊಟ್ಟಿದ್ದಮ್ಮ. ವಾಪಸ್ ತಗೊಂಡು ಹೋದ್ರೆ ನನ್ನನ್ನ ಮನೆಗೆ ಸೇರಿಸಲ್ಲ."

ಅವಳು ನಕ್ಕು ಇಸಿದುಕೊಂಡಳು. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತು ಅಜ್ಜಿಯ ಮೊಣಕಾಲಿನ ವಿಷಯ, ಈ ಸಲದ ಬೀಜದ ವಿಷಯ ನಡೆಯಿತು.

"ಒಂದು ಗೀರಮ್ಮ," ಎಂದ ಮಾವ ಕೊನೆಗೆ. "ಈ ವಾರದಲ್ಲೇ ನಾನು ಸರಿ ಮಾಡಿಸ್ತೀನಿ. ನಾನೇ ತಂದು ಇಲ್ಲಿ ನಿಲ್ಲಿಸ್ತೀನಿ."

"ಬೇಡ ಮಾವ. ನೀವು ಮಾಡಿಸ್ಬೇಡಿ."

"ಮತ್ತೆ?"

"ನಾನು ಒಳಗೆ ಕೂತಿದ್ದೆ ಮಾವ." ಅವಳು ತನ್ನ ಬಲತೋಳನ್ನು ಮುಟ್ಟಿಕೊಂಡಳು. "ಇದಕ್ಕೂ ಆ ಸ್ಕ್ರೂಡ್ರೈವರ್‌ಗೂ ಮಧ್ಯ ಒಂದು ತಗಡು ಇತ್ತು, ಅಷ್ಟೇ. ಬಣ್ಣದ ಮಾತಲ್ಲ ಇದು."

ಮಾವ ಆ ತೋಳನ್ನು ನೋಡಿ ತಲೆ ತಗ್ಗಿಸಿದ.

"ಅವರೇ ಪೇಂಟರ್ ಹತ್ರ ಹೋಗ್ಲಿ. ಹೆಂಗಾಯ್ತು ಅಂತ ಅವರ ಬಾಯಲ್ಲೇ ಹೇಳಿ ಮಾಡಿಸ್ಲಿ. ಗೇಟು ಅಂತಲ್ಲ. ಮಾಡಿಸ್ಕೊಂಡು ಬಂದು ಕರೀಲಿ, ಅವತ್ತೇ ಬರ್ತೀನಿ. ಬೇರೆ ಏನೂ ಕೇಳಲ್ಲ."

"ಗೇಟಿನ ವಿಷ್ಯ ನಿನಗ್ಯಾರಮ್ಮ ಹೇಳಿದ್ದು?"

"ನಿಮ್ಮ ಹತ್ರ ಸಸಿ ತಗೊಂಡೋರು ಇಲ್ಲಿಗೆ ರಕ್ತ ಕೊಡೋಕೂ ಬರ್ತಾರೆ ಮಾವ."

ರಾತ್ರಿ ಊಟಕ್ಕೆ ಕೂತಾಗ ಯಜಮಾನ ಅದನ್ನು ಒಂದಕ್ಷರ ಬಿಡದೆ ಮಗನಿಗೆ ಹೇಳಿದ. ಮಗ ಅನ್ನ ಕಲೆಸುವುದನ್ನು ನಿಲ್ಲಿಸಲಿಲ್ಲ.

"ಪೇಂಟರ್ ಎದುರಿಗೆ ನಿಂತು, ಹೆಂಡ್ತಿ ಕಾರಿಗೆ ನಾನೇ ಗೀಚಿದೆ ಅಂತ ಹೇಳ್ಬೇಕಾ? ಅವನ ಕಂಪ್ರೆಸರ್ ರಿಪೇರಿ ಮಾಡೋನು ನಾನು. ನಾಳೆ ಊರೆಲ್ಲ ನಗುತ್ತೆ."

"ನಗೋರಿಗೆ ಹಲ್ಲಿದ್ರೆ ನಗ್ತಾರೆ ಬಿಡೋ ದೊರೆ," ಎಂದಳು ಅಜ್ಜಿ. ಮೊಮ್ಮಗನನ್ನು ಅವಳು ಚಿಕ್ಕಂದಿನಿಂದ ಕರೆಯುತ್ತಿದ್ದುದು ಹಾಗೆ. "ನನ್ನ ಭಯ ಬೇಡ. ನಂಗೆ ಹಲ್ಲೇ ಇಲ್ಲ."

"ಅಜ್ಜಿ, ನೀವು ಸುಮ್ನಿರಿ."

"ಒಂದು ಮಾತು ಕಣೋ," ಎಂದಳು ತಾಯಿ, ಬೇಳೆ ಬಡಿಸುತ್ತ. "ಹೋಗಿ ಒಂದು ಮಾತು ಅಂದು ಬಂದ್ರೆ ಅವಳು ಬರ್ತಾಳಂತೆ."

"ಮಾಡಿಸ್ತೀನಿ. ವಿಚಾರ ಮಾಡೋಕೆ ಬಿಡಿ."

ಆಮೇಲೆ ದಿನಗಳು ಹೀಗೇ ಹೋದವು. ಊಟಕ್ಕೆ ಕೂತಾಗಲೆಲ್ಲ ಗೀರಿನ ಮಾತು ಬರುತ್ತಿತ್ತು. ಮಗ ಅದನ್ನು ತನಗೆ ಗೊತ್ತಿರುವ ರಿಪೇರಿಯ ಮಾತಾಗಿ ತಿರುಗಿಸುತ್ತಿದ್ದ. ಸಣ್ಣ ಬ್ರಷ್ಷಿನಲ್ಲಿ ಬಣ್ಣ ತುಂಬಿದರೆ ಹತ್ತಿರದಿಂದ ಗೆರೆ ಕಾಣುತ್ತದೆ. ಪಾಲಿಶ್ ಹೊಡೆಸೋಣವೆಂದರೆ ಗೀರು ಆಳಕ್ಕಿಳಿದಿದೆ, ಉಗುರು ಸಿಕ್ಕಿಕೊಳ್ಳುತ್ತದೆ. ಇಡೀ ಬಾಗಿಲಿಗೆ ಬಣ್ಣ ಹೊಡೆಸಿದರೆ ಅದೊಂದು ಬಾಗಿಲು ಹೊಸದಾಗಿ, ಬಿಸಿಲಿಗೆ ಮಾಸಿದ ಉಳಿದ ಕಾರು ಹಳೆಯದಾಗಿ ಕಾಣುತ್ತದೆ.

"ಯಾವುದೋ ಒಂದು ಮಾಡಿಸು," ಎನ್ನುತ್ತಿದ್ದ ಯಜಮಾನ.

"ಹಂಗೆ ಯಾವುದೋ ಒಂದು ಅಂತ ಮಾಡಿಸೋಕಾಗಲ್ಲಪ್ಪ. ಆಮೇಲೆ ಅದೇ ಕಣ್ಣಿಗೆ ಹೊಡೆಯುತ್ತೆ."

"ಈ ಮನೆ ಕಟ್ಟುವಾಗ ನಿಮ್ಮ ತಾತ ಇಷ್ಟು ವಿಚಾರ ಮಾಡಿರ್ಲಿಲ್ಲ," ಎನ್ನುತ್ತಿದ್ದಳು ಅಜ್ಜಿ. "ಅದಕ್ಕೇ ಸೋರುತ್ತೆ ಅನ್ನು."

ಒಂದು ಸಂಜೆ ಅವನು ಬೆರಳುದ್ದದ ನೀಲಿ ಬಣ್ಣದ ಶೀಶೆ ತಂದು ಕಿಟಕಿಯ ದಂಡೆಯ ಮೇಲಿಟ್ಟ. ತಾಯಿ ದಿನವೂ ಅದರ ಸುತ್ತ ಒರೆಸಿದಳು, ಮುಚ್ಚಳ ತೆರೆಯಲಿಲ್ಲ. ಇನ್ನೊಂದು ದಿನ ಕಾರು ತೆಗೆದುಕೊಂಡು ಹೋದವನು ಮುಕ್ಕಾಲು ಗಂಟೆಯಲ್ಲಿ ಹಾಗೆಯೇ ತಿರುಗಿ ಬಂದ. ಅಂಗಡಿಯಲ್ಲಿ ಜನ ಇದ್ದರಂತೆ, ಗುರುತಿನವರಂತೆ. ಅವತ್ತು ಕಾರಿನ ಮೇಲೆ ಹಳೆಯ ತಾಡಪಾಲು ಹೊದಿಸಿದ. ಇತ್ತ ಪೇಟೆಯಿಂದ ಅವಳ ಫೋನು ಮೊದಲು ಎರಡು ದಿನಕ್ಕೊಮ್ಮೆ ಬರುತ್ತಿದ್ದುದು ವಾರಕ್ಕೊಮ್ಮೆಯಾಯಿತು.

"ಹೋದ್ರಾ ಅತ್ತೆ?"

"ಹೋಗ್ತಾನಂತೆ ಕಣೆ. ಈ ಭಾನುವಾರ."

"ಹೋದ ಭಾನುವಾರಾನೂ ಇದನ್ನೇ ಹೇಳಿದ್ರಿ."

"ಕೆಲಸ ಜಾಸ್ತಿ ಅವನಿಗೆ. ಬಿಸಿಲು ಏರ್ತಿದೆಯಲ್ಲ, ಎಲ್ರ ಮೋಟಾರೂ ಸುಡ್ತಿದೆ."

"ಇಲ್ಲೊಂದು ಮನೆ ಖಾಲಿ ಇದೆ ಅತ್ತೆ. ತಿಂಗಳ ಕೊನೆಗೆ ಹೇಳ್ಬೇಕಂತೆ."

ಮಾರನೆಯ ದಿನ ಗಂಡಸರಿಬ್ಬರೂ ಹೊರಗೆ ಹೋದ ಮೇಲೆ ತಾಯಿ ತಾಡಪಾಲು ಸರಿಸಿದಳು. ಬಾವಿಕಟ್ಟೆಯ ಬಳಿ ಪಾತ್ರೆ ಬೆಳಗುವ ಡಬ್ಬಿ ಇತ್ತು. ಒಲೆಯ ಬೂದಿಯನ್ನು ಸೋಸಿ ಅದಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಡಬ್ಬಿ ಅದು. ಆ ಮನೆಯಲ್ಲಿ ಹಿತ್ತಾಳೆ ಹಂಡೆಯಿಂದ ಗುದ್ದಲಿಯ ತನಕ ಏನು ಹೊಳೆದರೂ ಅದರಿಂದಲೇ. ಬಕೆಟ್ಟಿನಲ್ಲಿ ನೀರು, ಒಂದು ಹಿಡಿ ನಾರು ಹಿಡಿದು ಅವಳು ಬಾಗಿಲ ಮುಂದೆ ಕೂತಳು. ಸೆರಗು ಸಿಕ್ಕಿಸಿಕೊಂಡು, ಹಂಡೆ ಉಜ್ಜುವ ಹಾಗೆ, ಹಿಡಿಕೆಯಿಂದ ಕನ್ನಡಿಯ ತನಕ ಉಜ್ಜಿದಳು. ತೋಳು ಸೋತಾಗ ಎಡಗೈಯಲ್ಲಿ ಉಜ್ಜಿದಳು. ಮೂರು ಸಲ ನೀರು ಹೊಯ್ದಳು.

ಒದ್ದೆ ಬಾಗಿಲು ಕನ್ನಡಿಯ ಹಾಗಿತ್ತು. ಬೆರಳಾಡಿಸಿದರೆ ಉಗುರಿಗೆ ಏನೂ ಸಿಗಲಿಲ್ಲ.

"ಅತ್ತೆ, ಇಲ್ಲಿ ಬನ್ನಿ," ಎಂದು ಅಜ್ಜಿಯನ್ನು ಕರೆದಳು. "ಹೋಯ್ತು ನೋಡಿ. ಇವರು ತಿಂಗಳಿಂದ ವಿಚಾರ ಮಾಡ್ತಾವ್ರೆ."

ಅಜ್ಜಿ ಕೋಲೂರಿಕೊಂಡು ಬಂದು ನೋಡಿ ತಲೆದೂಗಿದಳು. "ದೊರೆಗೆ ಹೇಳ್ಬೇಡ. ಶೀಶೆ ತಂದಿದ್ದು ದಂಡ ಅಂತ ಅಳ್ತಾನೆ."

ಇಬ್ಬರೂ ಚಹಾ ಕುಡಿಯಲು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಬಿಸಿಲಿಗೆ ಬಾಗಿಲು ಒಣಗಿತ್ತು. ಒಣಗಿದ್ದೇ ನೀಲಿ ಅಡಗಿ, ಬಾಗಿಲಿನ ಉದ್ದಕ್ಕೂ ಒಂದು ಗೇಣಗಲ ಬೆಳ್ಳಗೆ, ತೊನ್ನು ಹಿಡಿದ ಚರ್ಮದ ಹಾಗೆ ಮಂಕಾಗಿತ್ತು. ಒಂದೆರಡು ಕಡೆ ತಗಡು ಇಣುಕುತ್ತಿತ್ತು. ತಾಯಿ ಮತ್ತೆ ನೀರು ಹೊಯ್ದಳು. ಹೊಳೆಯಿತು. ಮತ್ತೆ ಒಣಗಿತು.

ಸಂಜೆ ಮಗ ಬಂದು ಬಾಗಿಲು ಸವರಿ ನೋಡಿದ.

"ಏನಮ್ಮ ಇದು. ಪಾತ್ರೆ ಅಂದ್ಕೊಂಡ್ಯಾ?"

"ಗೀರು ಹೋಯ್ತಲ್ಲೋ."

"ಹೋಯ್ತು. ಜೊತೇಲಿ ಬಾಗಿಲೂ ಹೋಯ್ತು." ಅವನು ಟೂಲ್‌ಬಾಕ್ಸ್ ಕೆಳಗಿಟ್ಟ. "ಆಯ್ತು. ಇನ್ನು ನನ್ನ ಕೇಳ್ಬೇಡಿ. ಹಾಳು ಮಾಡಿದೋರು ಸರಿ ಮಾಡಿಸ್ಲಿ."

ಆ ರಾತ್ರಿ ಅವನು ಎರಡು ಸಲ ಅನ್ನ ಹಾಕಿಸಿಕೊಂಡ. ತಿಂಗಳಲ್ಲಿ ಅವನು ಹಾಗೆ ಉಂಡಿರಲಿಲ್ಲ.

ಪೇಂಟರಿನ ಶೆಡ್ಡು ಪೇಟೆಯ ಹೊರಗೆ, ಲಾರಿ ತೂಗುವ ಜಾಗದ ಪಕ್ಕದಲ್ಲಿತ್ತು. ಯಜಮಾನ ಕಾರು ಓಡಿಸಿದ. ಹೆಂಡತಿ ಪಕ್ಕದಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದಳು. ಪೇಂಟರ್ ಮೂಗಿಗೆ ಕಟ್ಟಿದ್ದ ಬಟ್ಟೆ ಕೆಳಗೆಳೆದು ಬಾಗಿಲು ಸವರಿದ.

"ಏನಮ್ಮ ಇದು?"

"ನಾನು ಉಜ್ಜಿದ್ದಪ್ಪ. ಬೂದಿ, ಇಟ್ಟಿಗೆ ಪುಡಿ."

"ಏನು ಅಂಟ್ಕೊಂಡಿತ್ತು ಅಂತ ಉಜ್ಜಿದ್ರಿ?"

ಅವಳು ಗಂಡನ ಮುಖ ನೋಡಿದಳು. "ಕೊಳೆ," ಎಂದಳು.

"ಮಾರೋ ಕಾರಾ, ಇಟ್ಕೊಳ್ಳೋದಾ? ಮಾರೋದಾದ್ರೆ ಕಣ್ಣಿಗೆ ಕಾಣದ ಹಾಗೆ ತೇಪೆ ಹೊಡೆದು ಕೊಡ್ತೀನಿ. ಇಟ್ಕೊಳ್ಳೋದಾದ್ರೆ ಇಡೀ ಬಾಗಿಲಿನ ಬಣ್ಣ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು ಮೊದಲಿಂದ ಹೊಡೀಬೇಕು."

"ಒಬ್ಬರನ್ನ ಮನೆಗೆ ಕರ್ಕೊಂಡು ಬರೋದಿದೆ," ಎಂದ ಯಜಮಾನ. "ಚೆನ್ನಾಗಿರೋದೇ ಮಾಡಪ್ಪ."

ಅರ್ಧ ದುಡ್ಡು ಆಗಲೇ ಕೊಟ್ಟರು. ಉಳಿದದ್ದನ್ನು ಸಸಿ ಮಾರಿದ ಮೇಲೆ ಕೊಡುವ ಮಾತಾಯಿತು. ನಾಲ್ಕು ದಿನ ಬಿಟ್ಟು ಹೋದಾಗ ಬಾಗಿಲು ಹೊಸದಾಗಿತ್ತು. ಪಕ್ಕದ ತಗಡಿಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ನೀಲಿ; ನೋಡಲೇಬೇಕೆಂದು ನೋಡಿದವರಿಗೆ ಮಾತ್ರ ತಿಳಿಯುವಂತಿತ್ತು.

ಕಾರು ಅಂಗಳಕ್ಕೆ ಬಂದ ಸಂಜೆ ತಾಯಿ ಮಗನ ಬಟ್ಟೆ ಇಸ್ತ್ರಿ ಮಾಡಿ ಕೊಟ್ಟಳು. "ಹೋಗು. ಕೀಲಿ ಕೊಟ್ಟು ಕರ್ಕೊಂಡು ಬಾ."

"ಏನಂತ ಹೇಳ್ಲಿ?"

"ನೀನೇ ಮಾಡಿಸಿದ್ದು ಅಂತ ಹೇಳು."

"ಲೇ," ಎಂದ ಯಜಮಾನ ಮಣ್ಣು ಸಲಿಕೆ ಒರಗಿಸಿ. "ಅವಳು ಕೇಳಿದ್ದೇ ಅದೊಂದನ್ನ."

"ಹೌದು, ಅದೊಂದನ್ನೇ ಇವನು ಮಾಡಲ್ಲ. ಏನ್ ಮಾಡ್ಲಿ ಹೇಳಿ? ಅವಳು ಬೇರೆ ಮನೆಗೆ ಮುಂಗಡ ಕೊಟ್ಟ ಮೇಲೆ ಸತ್ಯ ಹಿಡ್ಕೊಂಡು ಕೂತಿರೋಣ್ವಾ?"

ಯಜಮಾನ ಸಲಿಕೆ ಎತ್ತಿಕೊಂಡು ಸಸಿಗಳ ಕಡೆ ಹೋದ. ಮಗ ಅಂಗಿ ತೊಟ್ಟು ಕಾರು ತೆಗೆದ. ಕತ್ತಲಾಗುವ ಮೊದಲು ಕಾರು ಮತ್ತೆ ಅಂಗಳಕ್ಕೆ ಬಂತು. ಓಡಿಸುತ್ತಿದ್ದವಳು ಸೊಸೆ.

"ಬಂದ್ಯಾ?" ಎಂದಳು ಅಜ್ಜಿ, ಮಣೆ ಬಿಟ್ಟೇಳದೆ. "ನಿನ್ನ ಪಾಲಿನ ಚೀಲ ಹಂಗೇ ಇಟ್ಟಿದೀನಿ."

"ನೀವು ಇಡದೇ ಇರ್ತೀರಾ ಅಜ್ಜಿ."

ಆ ವಾರ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಯಿತು. ಬೆಳಿಗ್ಗೆ ಸೊಸೆ ಎರಡು ಸಾಲು ಚೀಲ ತುಂಬಿ ಡ್ಯೂಟಿಗೆ ಹೋದಳು. ಸಂಜೆ ಬರುವಾಗ ಅಜ್ಜಿಗೆ ಮೊಣಕಾಲಿನ ಮುಲಾಮು, ಅತ್ತೆಗೆ ಕೈಗೆ ಹಾಕಿಕೊಳ್ಳುವ ರಬ್ಬರಿನ ಗ್ಲೌಸು ತಂದಳು. ಗ್ಲೌಸು ಹಾಕಿಕೊಂಡು ಮಣ್ಣು ಮುಟ್ಟಿದರೆ ಮಣ್ಣಿಗೆ ಬೇಜಾರಾಗುತ್ತದೆ ಎಂದು ಅತ್ತೆ ಅದನ್ನು ಗೂಡಿನಲ್ಲಿಟ್ಟಳು. ಗಂಡನ ಬೈಕು ಸರಿಯಾಗಿತ್ತು. ನಾನು ಬಿಟ್ಟು ಹೋಗುತ್ತೇನೆ ಬನ್ನಿ ಎಂದು ಅವಳು ಕರೆದರೂ ಅವನು ಕಾರು ಹತ್ತದೆ ಬೈಕಿನಲ್ಲೇ ಹೋಗುತ್ತಿದ್ದ.

ರಜೆಯ ದಿನ ಮಧ್ಯಾಹ್ನ ಅತ್ತೆ ಸೊಸೆ ಹಿಂಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದರು. ಮಾವ ಟೆಂಪೋ ತೆಗೆದುಕೊಂಡು ಹೋಗಿದ್ದ. ಅಜ್ಜಿ ಒಳಗೆ ಗೊರಕೆ ಹೊಡೆಯುತ್ತಿದ್ದಳು.

"ಅತ್ತೆ, ಪೇಂಟರ್ ಹತ್ರ ಇವರು ಏನಂದ್ರಂತೆ ಗೊತ್ತಾ?"

ಅತ್ತೆ ಒಂದು ಕಲ್ಲು ಹೆಕ್ಕಿ ಹೊರಗೆ ಹಾಕಿದಳು. "ಏನಂದ್ನಂತೆ?"

"ಹೆಂಗಾಯ್ತು ಅಂತ ಅವನು ಕೇಳಿದ್ನಂತೆ. ಅಲ್ಲಿ ನಾಲ್ಕು ಜನ ಇದ್ರಂತೆ. ಇವರು, 'ಹೆಂಡ್ತಿ ಒಳಗೆ ಕೂತಿದ್ಲು, ನಾನೇ ಎಳೆದೆ, ನನ್ನದೇ ತಪ್ಪು' ಅಂದ್ರಂತೆ." ಸೊಸೆ ಮೊರವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ನಾನು ಅಷ್ಟೆಲ್ಲ ಕೇಳಿರ್ಲಿಲ್ಲ ಅತ್ತೆ. ಮೂರನೆಯವರ ಎದುರಿಗೆ ಅಷ್ಟು ಹೇಳೋದು ಅವರಿಗೆ ಸಣ್ಣ ಮಾತಲ್ಲ. ನಿಮಗೇ ಗೊತ್ತಲ್ಲ ಅವರ ಸ್ವಭಾವ."

"ಹ್ಞೂಂ."

"ಕೋಣೇಲಿ ಒಬ್ಬಳೇ ಇದ್ದಾಗ ರಾತ್ರಿ ಎಲ್ಲಾದ್ರೂ ಕಬ್ಬಿಣ ಉಜ್ಜಿದ ಸದ್ದಾದ್ರೆ ಎದ್ದು ಕೂರ್ತಿದ್ದೆ. ಇವತ್ತು ತಗಡು, ನಾಳೆ ಏನೋ ಅಂತ. ಈಗ ಆ ಭಯ ಹೋಯ್ತು ನೋಡಿ. ನಿಮ್ಮಾಣೆಗೂ ಈಗ ಭಯ ಇಲ್ಲ."

ಅತ್ತೆಯ ಬೆರಳುಗಳು ಬೇಳೆಯ ನಡುವೆ ನಿಂತವು. ಸೊಸೆ ತನ್ನ ಪಾಡಿಗೆ ಆರಿಸುತ್ತಲೇ ಇದ್ದಳು. ಅತ್ತೆ ತನ್ನ ಮೊರವನ್ನು ಕೆಳಗಿಟ್ಟಳು.

"ಅವನು ಹೋಗ್ಲಿಲ್ಲ ಕಣೆ."

"ಎಲ್ಲಿಗೆ?"

"ಪೇಂಟರ್ ಹತ್ರ. ನಾನು ನಿನ್ನ ಮಾವ ಹೋಗಿದ್ದು. ನೀನು ಬೇರೆ ಮನೆ ಅಂದ್ಯಲ್ಲ, ಅವತ್ತು ನಾನು ಬೂದಿ ಹಾಕಿ ಉಜ್ಜಿಬಿಟ್ಟೆ. ಬಾಗಿಲು ಹಾಳಾಯ್ತು. ಆಮೇಲೆ ನಾವೇ ತಗೊಂಡು ಹೋದ್ವಿ. ಅಲ್ಲಿ ಯಾರೂ ಏನೂ ಹೇಳ್ಲಿಲ್ಲ. ಕೊಳೆ ಇತ್ತು ಅಂದೆ ನಾನು."

ಸೊಸೆ ಕಣ್ಣೆತ್ತಿ ನೋಡಿದಳು.

"ಅವನೇ ಮಾಡಿಸಿದ್ದು ಅಂತ ಹೇಳು ಅಂತ ಹೇಳಿಕೊಟ್ಟಿದ್ದು ನಾನು. ನಾಲ್ಕು ಜನ ಇದ್ರು ಅನ್ನೋದು ಮಾತ್ರ ನಾನು ಹೇಳಿಕೊಟ್ಟಿದ್ದಲ್ಲ."

ಸೊಸೆ ಉಳಿದ ಬೇಳೆಯನ್ನು ಪೂರ್ತಿ ಆರಿಸಿದಳು. ಕಲ್ಲುಗಳನ್ನು ಅಂಗೈಗೆ ಬಳಿದುಕೊಂಡು ಹಿತ್ತಿಲಿಗೆ ಎಸೆದಳು. ಬೇಳೆ ತೊಳೆದು ಒಲೆಯ ಮೇಲಿಟ್ಟಳು.

ರಾತ್ರಿ ಅವಳೇ ಬಡಿಸಿದಳು. ಎಲ್ಲರಿಗೂ ಹಾಕಿ, ಕೊನೆಗೆ ತಾನೂ ಗಂಡನ ಎದುರಿಗೆ ತಟ್ಟೆ ಇಟ್ಟುಕೊಂಡು ಕೂತಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪೇಂಟರ್ ಹತ್ರ ನೀವೇ ಹೋಗಿದ್ರಾ?"

ಮಗ ತಾಯಿಯ ಕಡೆ ನೋಡಿದ. ತಾಯಿ ತಟ್ಟೆಯ ಕಡೆ ನೋಡುತ್ತಿದ್ದಳು. ಯಜಮಾನ ಉಣ್ಣುವುದನ್ನು ನಿಲ್ಲಿಸಿದ್ದ.

"ಮತ್ತೆ ಶುರು ಮಾಡಿದ್ಯಾ? ಎಷ್ಟು ಸಲ ಹೇಳ್ಬೇಕು?"

"ಇದೊಂದೇ ಸಲ. ಇಲ್ಲ ಅಂದ್ರೂ ಪರವಾಗಿಲ್ಲ. ಇಲ್ಲ ಅಂದ್ರೆ ನಾಳೆ ಇಬ್ರೂ ಹೋಗಿ ಬರೋಣ. ನಾನೂ ಜೊತೇಲಿ ನಿಲ್ತೀನಿ."

"ಹೋಗಿದ್ದೆ ಅಂದ್ರೆ ಹೋಗಿದ್ದೆ," ಎಂದ ಅವನು. "ಬೇಕಾದ್ರೆ ಅಮ್ಮನ್ನ ಕೇಳು."

ಯಾರೂ ಕೇಳಲಿಲ್ಲ. ಸೊಸೆ ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿ, ತನ್ನ ಊಟ ಮುಗಿಸಿ, ಪಾತ್ರೆ ತೊಳೆಯಲು ಎದ್ದಳು.

ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಎರಡು ಚೀಲ ತುಂಬ ಬಟ್ಟೆ, ಸರ್ಟಿಫಿಕೇಟಿನ ಫೈಲು ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟಳು. ಮಾವ ಒಂದು ಚೀಲ ಎತ್ತಿಕೊಟ್ಟ. ಟೈರಿನ ಗಾಳಿ ನೋಡಿಸಿಕೋ ಎಂದಷ್ಟೇ ಹೇಳಿದ.

ಅತ್ತೆ ಸಸಿಗಳ ಸಾಲಿನಲ್ಲೇ ಕೂತಿದ್ದಳು. ಕೈತುಂಬ ಮಣ್ಣು.

"ನಾನು ಹೇಳ್ದೇ ಇದ್ದಿದ್ರೆ ನೀನು ಇರ್ತಿದ್ದೆ."

"ಇರ್ತಿದ್ದೆ ಅತ್ತೆ."

"ಹಾಳು ಬಾಯಿ."

ಸೊಸೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಮನೇಲಿ ಒಬ್ಬರಾದ್ರೂ ಹೇಳಿದ್ರಲ್ಲ. ಅಳಬೇಡಿ. ಅಜ್ಜಿಗೆ ಗುಳಿಗೆ ಊಟಕ್ಕೆ ಮೊದಲು ಕೊಡಿ, ಆಮೇಲಲ್ಲ. ಮರೀತೀರಿ ನೀವು." ಅತ್ತೆ ಮಣ್ಣುಗೈಯನ್ನು ಅವಳ ಕೆನ್ನೆಗೆ ಒಯ್ದು, ಮಣ್ಣು ಕಂಡು ಹಿಂದಕ್ಕೆಳೆದುಕೊಂಡಳು. ಸೊಸೆ ಆ ಕೈ ಹಿಡಿದು ತಾನೇ ಕೆನ್ನೆಗೆ ಇಟ್ಟುಕೊಂಡಳು. ಡ್ಯೂಟಿಯ ಅಂಗಿಯ ಮೇಲೆ ಮಣ್ಣು ಉದುರಿತು. ಕಾರು ಗೇಟು ದಾಟುವಾಗ ಅಜ್ಜಿ ಬೀಜದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಆ ಕಡೆ ಬೆನ್ನು ಮಾಡಿ ಕೂತಿದ್ದಳು.

ಅವಳು ಬಾಡಿಗೆಯ ಮನೆಗೆ ಸಾಮಾನು ಹಾಕಿಸಿದ ಸುದ್ದಿ ಎಂಟು ದಿನದಲ್ಲಿ ಬಂತು. ಮಗ ಮೊದಲು ಕೂಗಾಡಿದ. ಹೇಳಿದವರು ಯಾರು ಎಂದ. ನಾನು ಎಂದಳು ತಾಯಿ. ಆಮೇಲೆ ಅವನು ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ತಟ್ಟೆಗೆ ಹಾಕಿದ್ದನ್ನು ಅರ್ಧ ಉಂಡು ಏಳುತ್ತಿದ್ದ. ಅಜ್ಜಿಯ ಗುಳಿಗೆ ಊಟಕ್ಕೆ ಮೊದಲೇ ಆಗುತ್ತಿತ್ತು. ಸಸಿಗಳು ಮೊಳಕೆಯೊಡೆದು ಎರಡೆಲೆ ಬಿಟ್ಟವು. ಮಾರುವ ದಿನ ಹತ್ತಿರ ಬಂತು.

"ಪೇಂಟರ್‌ಗೆ ಉಳಿದಿದ್ದು ಕೊಡ್ಬೇಕು," ಎಂದ ಯಜಮಾನ ಒಂದು ಬೆಳಿಗ್ಗೆ, ಹೆಂಡತಿಗೆ ಹೇಳುವ ಹಾಗೆ.

"ನಾನು ಕೊಡ್ತೀನಿ," ಎಂದ ಮಗ. ಬಹಳ ದಿನದ ಮೇಲೆ ಅವನ ದನಿ ಕೇಳಿ ತಾಯಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ನನ್ನ ದುಡ್ಡಲ್ಲೇ ಕೊಡ್ತೀನಿ. ನಾನೇ ಹೋಗ್ತೀನಿ."

ಮೂರು ಪಂಪು ಕಟ್ಟಿದ ಕೂಲಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಅವನು ಬೈಕು ಹತ್ತಿದ. ಶೆಡ್ಡಿನಲ್ಲಿ ಅವತ್ತೂ ಜನ ಇದ್ದರು. ಇಬ್ಬರು ಚಹಾ ಕುಡಿಯುತ್ತಿದ್ದರು, ಒಬ್ಬ ಬಂಪರು ಬಿಚ್ಚುತ್ತಿದ್ದ. ಪೇಂಟರ್ ಒಂದು ವ್ಯಾನಿನ ಪಕ್ಕೆಗೆ ಕಾಗದ ಅಂಟಿಸಿ ಸ್ಪ್ರೇಗೆ ಸಿದ್ಧನಾಗುತ್ತಿದ್ದ.

"ಬಾರಪ್ಪ ಪಂಪಿನೋನೆ. ನಾನೇ ಹೇಳಿ ಕಳಿಸ್ಬೇಕು ಅಂತಿದ್ದೆ."

"ಬಾಕಿ ಕೊಡೋಣ ಅಂತ ಬಂದೆ."

"ಯಾವ ಬಾಕಿ? ಲ್ಯಾಬಿನ ಮೇಡಂ ಕೊಟ್ಟಾಯ್ತಲ್ಲ. ಬಟ್ಟೆಬರೆ ಹಾಕ್ಕೊಂಡು ಕಾರು ತಗೊಂಡು ಹೋದ್ರಲ್ಲ, ಅವತ್ತೇ ಇಲ್ಲಿ ನಿಲ್ಲಿಸಿ ಇಡೀ ಬಾಗಿಲಿಂದು ಎಷ್ಟು ಅಂತ ಕೇಳಿ ಪೂರ್ತಿ ಕೊಟ್ರು. ನಿಮ್ಮಪ್ಪ ಕೊಟ್ಟಿದ್ದನ್ನ ಅವರಿಗೆ ವಾಪಸ್ ಕೊಡಿ ಅಂದ್ರು. ಅದಕ್ಕೇ ಹೇಳಿ ಕಳಿಸ್ಬೇಕು ಅಂತಿದ್ದೆ." ಪೇಂಟರ್ ಮೇಜಿನ ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡು ಹಾಕಿದ ನೋಟುಗಳನ್ನು ತೆಗೆದು ಅವನ ಕೈಗಿಟ್ಟ. "ಎಣಿಸ್ಕೋ."

ಅವನು ಎಣಿಸಲಿಲ್ಲ. ಒಂದು ಕೈಯಲ್ಲಿ ಆ ನೋಟು, ಇನ್ನೊಂದು ಕೈ ಒಳಜೇಬಿನ ಮೇಲೆ. ಹಾಗೇ ನಿಂತಿದ್ದ. ಚಹಾ ಕುಡಿಯುತ್ತಿದ್ದವರು ಇವನ ಕಡೆ ನೋಡಿದರು.

"ಆ ಬಾಗಿಲಿಗೆ," ಎಂದ ಅವನು. "ಆ ಬಾಗಿಲಿಗೆ ಗೀರು ಎಳೆದಿದ್ದು ನಾನು. ಸ್ಕ್ರೂಡ್ರೈವರಲ್ಲಿ. ಅವಳು ಒಳಗೆ ಕೂತಿದ್ಲು."

ಪೇಂಟರ್ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಇವನ ಮುಖ ನೋಡಿದ.

"ಯಾವ ಗೀರಪ್ಪ? ನಾನು ನೋಡಿದಾಗ ಗೀರು ಇರ್ಲಿಲ್ಲ. ಬೂದಿ ಹಾಕಿ ಉಜ್ಜಿದ್ದಷ್ಟೇ ಇತ್ತು. ನಿಮ್ಮಮ್ಮ ನಾನೇ ಉಜ್ಜಿದ್ದು ಅಂದ್ರು."

"ಅದರ ಕೆಳಗಿತ್ತು."

"ಇದ್ದಿರ್ಬಹುದು," ಎಂದ ಪೇಂಟರ್. ಬಟ್ಟೆ ಬಿಗಿದುಕೊಂಡು ಕಂಪ್ರೆಸರ್ ಗುಂಡಿ ಒತ್ತಿದ. ಶೆಡ್ಡು ಸದ್ದಿನಿಂದ ತುಂಬಿತು. ಗನ್ನು ಎತ್ತಿಕೊಂಡು ಅವನು ಕೈಸನ್ನೆ ಮಾಡಿ ಕೂಗಿ ಹೇಳಿದ:

"ಸ್ವಲ್ಪ ಆ ಕಡೆ ನಿಂತ್ಕೋ. ಅಂಗಿಗೆ ಬಣ್ಣ ಹಾರುತ್ತೆ."